ಸಕ್ಕರೆ ಅಚ್ಚಿಗೆ ಇಲ್ಲದ ತಕರಾರು ರಬ್ಬರ್ ಅಚ್ಚಿಗೆ ಯಾಕೆ?

ಮಾನ್ಯರೇ,

ಹೋದ ಸೋಮವಾರ ನಿಮ್ಮ ಓದುಗರ ಅಂಕಣದಲ್ಲಿ ಡ್ರಾಯಿಂಗ್ ಮೇಷ್ಟ್ರೊಬ್ಬರ ಪತ್ರ ಓದಿದೆ. ಬೇಸಿಗೆ ಶಿಬಿರಗಳಲ್ಲಿ ಮಕ್ಕಳಿಗೆ ಗೆರೆ ಎಳೆಯೋದನ್ನೇ ಕಲಿಸುತ್ತಿಲ್ಲ, ರಬ್ಬರ್ ಅಚ್ಚು ಒತ್ತಿಸಿ, ಬಣ್ಣ ತುಂಬಿಸಿ, ಚೂರುಪಾರು ಅಂಟಿಸಿ ಮನೆಗೆ ಕಳಿಸುತ್ತಾರೆ, ಇದು ಕಲೆಯಲ್ಲ ಬರೀ ಟೈಂಪಾಸ್ ಅಂತ ಅವರ ಸಿಟ್ಟು. ಮೇಷ್ಟ್ರು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಆ ಅರ್ಧಕ್ಕೆ ಆಮೇಲೆ ಬರುತ್ತೇನೆ. ಇನ್ನರ್ಧ ಮಾತ್ರ ನನಗೆ ನೇರವಾಗಿ ತಾಗಿತು, ಯಾಕೆಂದರೆ ಅರವತ್ತು ದಾಟಿದ ಮೇಲೆ ದಿನಾ ಮಧ್ಯಾಹ್ನ ನಾನು ಮಾಡುವುದು ಇದನ್ನೇ.

ನಾನು ಒಂದು ಸಹಕಾರಿ ಬ್ಯಾಂಕಿನಲ್ಲಿ 31 ವರ್ಷ ಗುಮಾಸ್ತೆಯಾಗಿದ್ದವಳು. ನಗದು, ಪಾವತಿ, ರದ್ದು. ದಿನವಿಡೀ ಸೀಲು ಒತ್ತಿ ಒತ್ತಿ ಹೆಬ್ಬೆರಳಿನ ನೇರಳೆ ಬಣ್ಣ ಊಟಕ್ಕೆ ಕೂತಾಗಲೂ ಹೋಗುತ್ತಿರಲಿಲ್ಲ. ನಿವೃತ್ತಿ ದಿನ, ಇನ್ನು ಈ ಸ್ಟಾಂಪ್ ಪ್ಯಾಡಿನ ಸಹವಾಸ ಸಾಕು ಅಂದುಕೊಂಡು ಮನೆಗೆ ಬಂದೆ. ಎರಡು ವರ್ಷವೂ ಆಗಿರಲಿಲ್ಲ, ಕೆನಡಾದ ಕ್ಯಾಲ್ಗರಿಯಲ್ಲಿರುವ ಮಗಳು ಒಂದು ಲಕೋಟೆಯಲ್ಲಿ ಇಸ್ಪೀಟ್ ಎಲೆಯಷ್ಟು ಚಿಕ್ಕ ಕಾರ್ಡ್ ಕಳಿಸಿದಳು. ಅದರಲ್ಲಿ ಒಂದು ಅಚ್ಚಿನ ಹಕ್ಕಿ, ಹಿಂದೆ ನೀರುನೀರಾದ ನೀಲಿ ಆಕಾಶ, ಮೂಲೆಯಲ್ಲಿ ಹರಿದ ಮ್ಯಾಪಿನ ತುಂಡು. ಕಾರ್ಡಿನ ಬೆನ್ನ ಮೇಲೆ ಮಾಡಿದವರ ಹೆಸರು, ತಾರೀಕು. ಅಮ್ಮಾ, ಇದಕ್ಕೆ ಬದಲಾಗಿ ನೀನೂ ಒಂದು ಮಾಡಿ ಕಳಿಸಬೇಕು, ಅದೇ ರೂಲ್ಸು ಅಂತ ಚೀಟಿ ಬೇರೆ.

ಆಮೇಲೆ ಫೋನಿನಲ್ಲಿ ಕೂತು ಕತೆ ಹೇಳಿದಳು. ಇವಕ್ಕೆ ಆರ್ಟಿಸ್ಟ್ ಟ್ರೇಡಿಂಗ್ ಕಾರ್ಡ್ ಅನ್ನುತ್ತಾರೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ವಾಂಚಿ ಸ್ಟಿರ್ನೆಮನ್ ಎಂಬ ಕಲಾವಿದ ಇಂಥ 1,200 ಕಾರ್ಡ್ ಕೈಯಲ್ಲೇ ಮಾಡಿ 1997ರಲ್ಲಿ ಪ್ರದರ್ಶನಕ್ಕಿಟ್ಟ. ಬೇಕಾದವರು ತಾವೂ ಒಂದು ಮಾಡಿ ತಂದು ಬದಲಾಯಿಸಿಕೊಳ್ಳಿ ಅಂದ. ಅದೇ ವರ್ಷ ಕ್ಯಾಲ್ಗರಿಯವರು ಅದನ್ನು ತಮ್ಮೂರಿಗೆ ಕೊಂಡೊಯ್ದರು. ಅಳತೆ ಮಾತ್ರ ಬದಲಾಗಬಾರದು: ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. ಅಲ್ಲಿ ಆಟಗಾರರ ಫೋಟೋ ಕಾರ್ಡುಗಳನ್ನು ಇಡುವ ಪ್ಲಾಸ್ಟಿಕ್ ಜೇಬುಗಳ ಆಲ್ಬಂ ಸಿಗುತ್ತದಂತೆ, ಇದು ಅದರಲ್ಲಿ ಸರಿಯಾಗಿ ಕೂರಬೇಕು. ಇನ್ನೊಂದು ನಿಯಮ, ಮಾರಬಾರದು. ಕೊಡಬೇಕು, ತಗೋಬೇಕು, ಅಷ್ಟೇ.

ಇಷ್ಟು ಚಿಕ್ಕದರಲ್ಲಿ ಏನು ಮಹಾ ಬಿಡಿಸ್ತೀರಿ ಅಂತ ನಮ್ಮ ಮನೆಯಲ್ಲಿ ನಕ್ಕರು. ನಮ್ಮ ಮೈಸೂರಿನ ಗಂಜೀಫಾ ಇಸ್ಪೀಟ್ ಎಲೆಗಳನ್ನು ನೋಡಿದವರು ಹೀಗೆ ಕೇಳೋದಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಂದಿಸಿದ ಒಂದು ಆಟಕ್ಕೇ 360 ಎಲೆ ಬೇಕಿತ್ತು. ಒಂದೊಂದನ್ನೂ ಕೈಯಲ್ಲೇ ಬರೆಯಬೇಕು. ನನಗೆ ಅಂಥ ಕೈ ಇಲ್ಲ ಬಿಡಿ. ಆದರೆ ಅಂಗೈಯಷ್ಟು ಜಾಗ ಸಾಲದು ಅನ್ನೋ ಮಾತು ನಮ್ಮ ನಾಡಿನಲ್ಲಿ ನಡೆಯಲ್ಲ.

ಮೊದಲ ಕಾರ್ಡಿನಲ್ಲೇ ಎಡವಟ್ಟಾಯಿತು. ಮಗಳು ಹನ್ನೆರಡು ಬಣ್ಣದ ವಾಟರ್‌ಕಲರ್ ಪೆನ್ಸಿಲ್ ಡಬ್ಬಿ ಕೊಡಿಸಿದ್ದಳು. ನೋಡೋಕೆ ಮಕ್ಕಳ ಬಣ್ಣದ ಪೆನ್ಸಿಲ್ ಇದ್ದ ಹಾಗೇ ಇವೆ. ಆದರೆ ಮಾಮೂಲಿ ಪೆನ್ಸಿಲ್‌ನಲ್ಲಿ ಬಣ್ಣವನ್ನು ಮೇಣ ಹಿಡಿದುಕೊಂಡಿರುತ್ತದೆ, ಇದರಲ್ಲಿ ನೀರಿಗೆ ಕರಗುವ ಅಂಟು. ಗೀಚಿದ ಮೇಲೆ ಒದ್ದೆ ಬ್ರಷ್ ಆಡಿಸಿದರೆ ಗೆರೆ ಕರಗಿ ಬಣ್ಣ ಹರಡುತ್ತದೆ. 1931ರಲ್ಲಿ ಸ್ವಿಸ್ ಕಂಪನಿ ಕಾರಾನ್ ದಾಶ್ ಇದನ್ನು ತಂದಿತು. (ಕಂಪನಿಯ ಹೆಸರು ಒಬ್ಬ ವ್ಯಂಗ್ಯಚಿತ್ರಕಾರನ ಕಾವ್ಯನಾಮದಿಂದ ಬಂದದ್ದು, ಆ ಕಾವ್ಯನಾಮ ರಷ್ಯನ್ ಭಾಷೆಯಲ್ಲಿ ಪೆನ್ಸಿಲ್‌ಗೆ ಇರುವ ಪದದಿಂದ ಬಂದದ್ದು. ಮೇಷ್ಟ್ರಿಗೆ ಇದು ಇಷ್ಟವಾಗಬಹುದು.) ಸರಿ, ನಾನು ಮನೆಯಲ್ಲಿದ್ದ ಹಳೇ ನೇರಳೆ ಸ್ಟಾಂಪ್ ಪ್ಯಾಡಿಗೆ ಗುಬ್ಬಚ್ಚಿ ಅಚ್ಚನ್ನು ಅದ್ದಿ ಒತ್ತಿದೆ. ರೆಕ್ಕೆಗೆ ಕಂದು, ಹೊಟ್ಟೆಗೆ ತಿಳಿ ಹಳದಿ ಗೀಚಿದೆ. ಖುಷಿಯಿಂದ ಒದ್ದೆ ಬ್ರಷ್ ಇಟ್ಟೆ. ನೋಡ ನೋಡುತ್ತಿದ್ದಂತೆ ನೇರಳೆ ಗೆರೆ ಕರಗಿ ಹೊಟ್ಟೆಗೆ ಇಳಿಯಿತು, ಅಲ್ಲಿಂದ ಆಕಾಶಕ್ಕೆ. ಗುಬ್ಬಚ್ಚಿ ಹೋಗಿ ಜಜ್ಜಿದ ನೇರಳೆ ಹಣ್ಣು ಉಳಿಯಿತು. 31 ವರ್ಷ ಅದೇ ಶಾಯಿ ಜೊತೆ ಬದುಕಿದವಳಿಗೆ ಅದು ನೀರು ತಾಗಿದರೆ ಹರಡುತ್ತದೆ ಅನ್ನೋದು ತೋಚಲಿಲ್ಲವಲ್ಲ! ಮಳೆಯಲ್ಲಿ ನೆನೆದು ಬಂದ ಎಷ್ಟು ಚಲನ್‌ಗಳನ್ನು ನೋಡಿಲ್ಲ ನಾನು.

ಹೊಸಬರು ಯಾರಾದರೂ ಓದುತ್ತಿದ್ದರೆ ಇದೊಂದು ನೆನಪಿಟ್ಟುಕೊಳ್ಳಿ. ನೀರು ತಾಗಿದರೂ ಹೋಗದ ಶಾಯಿಯ ಪ್ಯಾಡ್ ಕೇಳಿ ತಗೊಳ್ಳಿ, ಒತ್ತಿದ ಮೇಲೆ ಪೂರ್ತಿ ಒಣಗಲು ಬಿಡಿ. ಇಲ್ಲಾ, ಮೊದಲು ಬಣ್ಣ ಮುಗಿಸಿ, ಅದು ಒಣಗಿದ ಮೇಲೆ ಅಚ್ಚು ಒತ್ತಿ. ನನಗೆ ಜಾಸ್ತಿ ಇಷ್ಟ ಮೂರನೇ ದಾರಿ. ಪ್ಯಾಡೇ ಬೇಡ. ಪೆನ್ಸಿಲ್ ಮೊನೆಯನ್ನು ನೀರಿಗೆ ಅದ್ದಿ ನೇರ ರಬ್ಬರಿನ ಮೇಲೇ ಬಣ್ಣ ಬಳಿಯೋದು, ರೆಕ್ಕೆಗೊಂದು ಬಣ್ಣ, ಕೊಕ್ಕಿಗೊಂದು. ಅಷ್ಟರಲ್ಲಿ ಅರ್ಧ ಒಣಗಿರುತ್ತದೆ. ಕನ್ನಡಕ ಒರೆಸುವಾಗ ಮಾಡ್ತೀವಲ್ಲ, ಹಾಗೆ ಅದರ ಮೇಲೆ ಒಮ್ಮೆ ಹಾ ಅಂತ ಉಸಿರು ಬಿಟ್ಟು ತಕ್ಷಣ ಒತ್ತಬೇಕು. ಒಂದು ಸಲ ಬಂದ ಹಕ್ಕಿ ಇನ್ನೊಂದು ಸಲ ಬರೋದಿಲ್ಲ. ಒಂದು ಅಚ್ಚಿನಿಂದ ಇಪ್ಪತ್ತು ಹಕ್ಕಿ ಮಾಡಿದ್ದೇನೆ, ಇಪ್ಪತ್ತೂ ಬೇರೆ ಬೇರೆ.

ಕಾಗದದ ವಿಷಯ. ಎಲ್ಲರ ಮನೆಯಲ್ಲೂ ರಾಶಿ ಲಗ್ನಪತ್ರಿಕೆ ಇರುತ್ತದೆ ಅಲ್ವಾ? ಒಳ್ಳೆ ದಪ್ಪ ರಟ್ಟು. ಎರಡೂವರೆ ಇಂಚು ಅಗಲದ ಇಸ್ಪೀಟಿನ ಜೋಕರ್ ಎಲೆಯನ್ನು ಮೇಲಿಟ್ಟು ಸುತ್ತ ಗೆರೆ ಎಳೆದು ಕತ್ತರಿಸಿದರೆ ಅಳತೆ ತಂತಾನೇ ಸರಿಯಾಗುತ್ತದೆ. ಹೊಳಪಿನ ಕಡೆ ನೀರು ನಿಲ್ಲೋದಿಲ್ಲ, ಅದರ ಮೇಲೆ ಡ್ರಾಯಿಂಗ್ ಹಾಳೆ ಅಂಟಿಸಿಕೊಳ್ಳಬೇಕು. ಕೈ ತುಂಬ ನೀರು ಹಾಕುವವರು ಮಾತ್ರ 300 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಅನ್ನೋ ಕಾಗದದ ತೂಕದ ಲೆಕ್ಕ) ದಪ್ಪ ಹಾಳೆಯನ್ನೇ ಕೊಳ್ಳುವುದು ವಾಸಿ, ತೆಳ್ಳನೆಯದು ಹಪ್ಪಳದ ಹಾಗೆ ಮುದುಡುತ್ತದೆ. ಲಗ್ನಪತ್ರಿಕೆಯಲ್ಲಿ ಗಣಪತಿ ಇರುವ ಜಾಗಕ್ಕೆ ಕತ್ತರಿ ಹಾಕಲು ನನಗೆ ಮನಸ್ಸು ಬರೋದಿಲ್ಲ. ಸುತ್ತ ಬಿಟ್ಟು ತೆಗೆದಿಟ್ಟೆ. ಈಗ ಹಳೇ ಬಿಸ್ಕತ್ತಿನ ಡಬ್ಬಿ ತುಂಬ ಗಣಪತಿಗಳಿದ್ದಾರೆ, ಏನು ಮಾಡಬೇಕೋ ತಿಳಿಯದು. ಅಂಟಿಸೋಕೆ ಹಳೇ ಅಂಚೆ ಚೀಟಿ, ಪಂಚಾಂಗದ ಹಾಳೆ, ರೇಷ್ಮೆ ಸೀರೆಯ ಜರಿ ಎಳೆ, ಏನಾದರೂ ಆಗುತ್ತದೆ. ಈಗಿನ ಮಿಷನ್ ಬಸ್ ಟಿಕೆಟ್ ಮಾತ್ರ ಅಂಟಿಸಬೇಡಿ. ಅದು ಬಿಸಿಗೆ ಅಚ್ಚಾಗುವ ಕಾಗದ, ಕೆಲವು ತಿಂಗಳಲ್ಲಿ ಅಕ್ಷರ ಮಾಯ. ಕಂಡಕ್ಟರ್ ತೂತು ಹೊಡೆದು ಕೊಡುತ್ತಿದ್ದ ಹಳೇ ಟಿಕೆಟ್ಟುಗಳು ಪುಸ್ತಕದ ನಡುವೆ ಸಿಕ್ಕರೆ ಎಸೀಬೇಡಿ.

ಅಚ್ಚು ಮಾಡಿಸಲು ನಮ್ಮೂರ ಪೇಟೆಯ ಸೀಲು ಅಂಗಡಿಗೆ ಹೋಗಿದ್ದೆ. ಗುಬ್ಬಚ್ಚಿ ಚಿತ್ರ ಕೊಟ್ಟೆ. ಅವರು ಹಿಂದೆ ಮುಂದೆ ತಿರುಗಿಸಿ ನೋಡಿದರು. ಯಾವ ಸಂಸ್ಥೆ ಮೇಡಂ, ಲೆಟರ್‌ಹೆಡ್ ತಂದಿದ್ದೀರಾ? ಗುಬ್ಬಚ್ಚಿಗೆ ಲೆಟರ್‌ಹೆಡ್ ಎಲ್ಲಿಂದ ತರಲಿ. ಕೊನೆಗೆ ಮಾಡಿಕೊಟ್ಟರು, ಅಭ್ಯಾಸಬಲಕ್ಕೆ ಸುತ್ತ ಒಂದು ದುಂಡನೆ ಗೆರೆಯನ್ನೂ ಸೇರಿಸಿ. ಸೊಸೈಟಿಯ ಸೀಲಿನ ಹಾಗೆ ಕಾಣುತ್ತಿದ್ದ ಆ ಗೆರೆಯನ್ನು ನಾನು ಬ್ಲೇಡಿನಲ್ಲಿ ಕೆತ್ತಿ ತೆಗೆಯಬೇಕಾಯಿತು. ಅವರೊಂದು ವಿಷಯ ಹೇಳಿದರು, ಆಮೇಲೆ ಓದಿಯೂ ನೋಡಿದೆ. ಅಮೆರಿಕದಲ್ಲಿ 1860ರ ದಶಕದಲ್ಲಿ ರಬ್ಬರ್ ಸ್ಟಾಂಪ್ ಶುರುವಾದಾಗ, ಹಲ್ಲಿನ ಸೆಟ್ಟಿಗೆ ರಬ್ಬರಿನ ವಸಡು ಬೇಯಿಸುತ್ತಿದ್ದ ದಂತವೈದ್ಯರ ಪಾತ್ರೆಗಳಲ್ಲೇ ಅಚ್ಚುಗಳನ್ನೂ ಬೇಯಿಸುತ್ತಿದ್ದರಂತೆ.

ಈಗ ಮೇಷ್ಟ್ರ ಮಾತಿಗೆ ಬರುತ್ತೇನೆ. ಅಚ್ಚು ಒತ್ತಿದರೆ ನಮ್ಮದಾಗಲ್ಲ ಅನ್ನುತ್ತಾರೆ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವ ಮನೆಯಲ್ಲಿ ಯಾರಾದರೂ ಹೀಗೆ ಕೇಳಿದ್ದಾರಾ? ಮರದ ಅಚ್ಚು ಕೆತ್ತಿದವನು ಇನ್ಯಾರೋ ಬಡಗಿ. ಆದರೆ ನೀರಲ್ಲಿ ನೆನೆಸಿ, ಎರಡು ಹೋಳನ್ನು ಜೋಡಿಸಿ ಬಿಗಿಯಾಗಿ ಕಟ್ಟಿ, ಪಾಕ ಬೆಳ್ಳಗಾಗುವ ಆ ಒಂದು ಗಳಿಗೆ ನೋಡಿ ಸುರಿಯೋದು ನಮ್ಮಮ್ಮನ ಕೈ. ಹದ ತಪ್ಪಿತೋ, ಗಿಳಿಯ ಕೊಕ್ಕು ಅಚ್ಚಿನಲ್ಲೇ ಉಳಿಯುತ್ತದೆ. ಎಳ್ಳು ಬೀರಲು ಬಂದವರು, ಈ ಗಿಳಿ ನೀವು ಬಿಡಿಸಿದ್ದಾ ಅಂತ ಕೇಳೋದಿಲ್ಲ, ಎಷ್ಟು ಬೆಳ್ಳಗೆ ಬಂದಿದೆ ಅನ್ನುತ್ತಾರೆ.

ದೇವರ ಪಟಗಳನ್ನೇ ನೋಡಿ. ರಾಜಾ ರವಿವರ್ಮ 1894ರಲ್ಲಿ ಮುಂಬೈ ಕಡೆ ಪ್ರೆಸ್ ಹಾಕಿ ಲಕ್ಷ್ಮಿ, ಸರಸ್ವತಿಯನ್ನು ಮನೆಮನೆಗೆ ಮುಟ್ಟಿಸಿದರು. ಆ ಪಟ ಕೊಂಡ ಮನೆಗಳಲ್ಲಿ ಎಷ್ಟೋ ಹೆಂಗಸರು ಅದರ ಮೇಲೆ ಜರಿ, ಚಮಕಿ, ಮಣಿ, ಬಟ್ಟೆ ತುಂಡು ಅಂಟಿಸಿ ಲಕ್ಷ್ಮಿಗೆ ನಿಜವಾದ ಸೀರೆ ಉಡಿಸಿದರು. ಇವತ್ತು ಅಂಥ ಪಟಗಳನ್ನು ಸಂಗ್ರಹಕಾರರು ಹುಡುಕಿ ಕೊಳ್ಳುತ್ತಾರೆ. ಹೀಗೆ ಬೇರೆ ಬೇರೆ ಸಾಮಾನು ಸೇರಿಸಿ ಮಾಡುವ ಕಲೆಗೆ ಇರುವ ಮಿಕ್ಸೆಡ್ ಮೀಡಿಯಾ ಅನ್ನೋ ಪದ ಆ ಹೆಂಗಸರಿಗೆ ಗೊತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಇನ್ನು, ಮೇಷ್ಟ್ರು ಸರಿಯಾಗಿ ಹೇಳಿದ ಅರ್ಧ. ಅಂಗಡಿಯ ಕಿಟ್‌ಗಳ ಬಗ್ಗೆ ಅವರ ಸಿಟ್ಟು ನನಗೂ ಇದೆ. ಡಬ್ಬಿಯಲ್ಲಿ ಎಲ್ಲ ಕತ್ತರಿಸಿಟ್ಟಿರುತ್ತಾರೆ, ಎಲ್ಲಿ ಏನು ಅಂಟಿಸಬೇಕು ಅಂತ ನಂಬರ್ ಹಾಕಿರುತ್ತಾರೆ. ಮೂವತ್ತು ಮಕ್ಕಳು, ಮೂವತ್ತು ಒಂದೇ ತರದ ಚಿಟ್ಟೆ. ಅದು ನಮ್ಮ ಬ್ಯಾಂಕಿನ ಫಾರಂ ತುಂಬಿದ ಹಾಗೆ. ಆದರೆ ಸಿಟ್ಟು ಕಿಟ್ಟಿನ ಮೇಲಿರಲಿ, ಅಚ್ಚಿನ ಮೇಲೆ ಬೇಡ.

ಯಾಕೆ ಹೇಳುತ್ತಿದ್ದೇನೆಂದರೆ, ನಮ್ಮ ಪಕ್ಕದ ಮನೆಯ ಹುಡುಗಿ, ಏಳನೇ ಕ್ಲಾಸು, ನನ್ನ ಜೊತೆ ಕೂತು ಕಲಿತವಳು, ಬೆಂಡೆಕಾಯಿ ಅಡ್ಡ ಕತ್ತರಿಸಿ ಹೂವಿನ ಅಚ್ಚು ಒತ್ತೋದರಿಂದ ಶುರು ಮಾಡಿ ಎರೇಸರ್ ಕೆತ್ತುವ ತನಕ ಬಂದಳು. ಎರೇಸರಿನ ಮೇಲೆ ತಾನೇ ಹಲಸಿನ ಮರ ಬರೆದಳು. ಬರೆದದ್ದು ಉಲ್ಟಾ ಮೂಡುತ್ತದೆ ಅಂತ ಮೊದಲ ಸಲ ಗೊತ್ತಿರಲಿಲ್ಲ, ಕೆಳಗೆ ಹಾಕಿದ್ದ ಅವಳ ಹೆಸರು ಕನ್ನಡಿಯಲ್ಲಿ ಓದುವ ಹಾಗೆ ಬಂತು. ಎರಡನೇ ಎರೇಸರ್‌ಗೆ ಚಿತ್ರವನ್ನು ತಿರುಗಿಸಿ ಬರೆದು, ಬಿಳಿ ಬೇಕಾದ ಕಡೆ ಕೆತ್ತಿ, ಗೆರೆ ಬೇಕಾದ ಕಡೆ ಉಳಿಸಿದಳು. ಒಂದು ವಾರದ ಕೆಲಸ. ಆ ಮರದ ಕೆಳಗೆ ಪೆನ್ಸಿಲ್ ಬಣ್ಣದಲ್ಲಿ ನೆರಳು, ನೆರಳಲ್ಲಿ ಹಳೇ ಅಂಚೆ ಚೀಟಿಯಿಂದ ಕತ್ತರಿಸಿದ ಸೈಕಲ್ಲು. ಅದನ್ನು ಒಂದು ಸ್ಪರ್ಧೆಗೆ ಕೊಟ್ಟಳು. ತೀರ್ಪುಗಾರರು ಕಾರ್ಡನ್ನು ಎತ್ತಿಕೊಂಡೂ ನೋಡಲಿಲ್ಲ. ಸ್ಟಾಂಪ್ ಹಾಕಿದ್ದಾಳೆ, ಕೈಯಲ್ಲಿ ಬಿಡಿಸಿಲ್ಲ ಅಂತ ಪಕ್ಕಕ್ಕಿಟ್ಟರು. ಅವಳ ಬೆರಳ ತುದಿಯಲ್ಲಿ ಬ್ಲೇಡ್ ತಾಗಿದ ಗಾಯ ಇನ್ನೂ ಮಾಗಿರಲಿಲ್ಲ.

ಅದಕ್ಕೇ ನಾನು ಸ್ಪರ್ಧೆಗೆ ಕಳಿಸುವುದನ್ನೇ ಬಿಡಿಸಿದ್ದೇನೆ. ಮಾರುವುದಂತೂ ಇಲ್ಲವೇ ಇಲ್ಲ. ಒಂದಕ್ಕೆ ಎಷ್ಟು ಆಂಟಿ, ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿ ಅಂತ ನೆಂಟರ ಹುಡುಗರು ಹೇಳುತ್ತಾರೆ. ಬೆಲೆ ಕಟ್ಟಿದ ಕೂಡಲೇ ಚೆನ್ನಾಗಿ ಬಂದದ್ದು, ಕೆಟ್ಟದ್ದು ಅಂತ ವಿಂಗಡಿಸಲು ಶುರು ಮಾಡುತ್ತೇನೆ, ನನಗೆ ನನ್ನ ಬುದ್ಧಿ ಗೊತ್ತು. ಬದಲಾಯಿಸಿಕೊಳ್ಳುವಾಗ ಆ ತಾಪತ್ರಯ ಇಲ್ಲ. ನನ್ನ ಸೊಟ್ಟ ಗುಬ್ಬಚ್ಚಿಗೆ ಪ್ರತಿಯಾಗಿ ಕ್ಯಾಲ್ಗರಿಯಿಂದ ಯಾರೋ ಗುರುತಿಲ್ಲದವರ ಹಿಮದ ಬೆಟ್ಟ ಬಂದಿದೆ. ಆಲ್ಬಂನಲ್ಲಿ ಎರಡೂ ಅಕ್ಕಪಕ್ಕ ಇವೆ.

ಸಂಪಾದಕರೇ, ಈ ಪತ್ರದ ಜೊತೆ ಒಂದು ಚಿಕ್ಕ ಲಕೋಟೆ ಇಟ್ಟಿದ್ದೇನೆ. ದಯವಿಟ್ಟು ಅದನ್ನು ಆ ಮೇಷ್ಟ್ರಿಗೆ ತಲುಪಿಸಿ. ಒಳಗೆ ನೇರಳೆ ಗುಬ್ಬಚ್ಚಿ ಇದೆ, ಅದೇ ಮೊದಲ ದಿನ ಕೆಟ್ಟದ್ದು, ಎಸೆಯಲು ಮನಸ್ಸಾಗದೆ ಸುಮ್ನೆ ಇಟ್ಟುಕೊಂಡಿದ್ದೆ. ನೀರು ತಾಗಿಸಬೇಡಿ ಅಂತ ಹೇಳಿ, ಇನ್ನೂ ಹರಡುತ್ತದೆ. ಅವರು ಇಟ್ಟುಕೊಳ್ಳುವುದಾದರೆ ಪ್ರತಿಯಾಗಿ ಒಂದು ಕಳಿಸಬೇಕು, ಎರಡೂವರೆಗೆ ಮೂರೂವರೆ ಇಂಚು. ಅಚ್ಚು ಬೇಡ ಅಂದರೆ ಬೇಡ, ಅವರ ಕೈಯ ಒಂದು ಗೆರೆ ಇದ್ದರೂ ಸಾಕು. ಹಿಂದೆ ತಾರೀಕು ಹಾಕಲಿ.

ಇತಿ,
ಒಬ್ಬ ನಿವೃತ್ತ ಗುಮಾಸ್ತೆ
ಶಿವಮೊಗ್ಗ