ಕೊಡಗಿನ ಒಳದಾರಿಯ ಬಸ್ಸುಗಳು: ಸಾರಿಗೆ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು
ಇವರಿಗೆ

ಮಾನ್ಯರೇ,

ನಾನು ತೂಕದ ಯಂತ್ರಗಳನ್ನು ರಿಪೇರಿ ಮಾಡುವವನು. ಕಾಫಿ, ಕಾಳುಮೆಣಸು ಕೊಳ್ಳುವ ಅಂಗಡಿ, ನ್ಯಾಯಬೆಲೆ ಅಂಗಡಿ, ಸಂತೆಯ ಮೀನಿನ ವ್ಯಾಪಾರ, ಎಲ್ಲಿ ಯಂತ್ರ ಕೆಟ್ಟರೂ ನನಗೆ ಕರೆ ಬರುತ್ತದೆ. ಕುಟ್ಟದಿಂದ ಶನಿವಾರಸಂತೆಯವರೆಗೆ ಕೊಡಗಿನಲ್ಲಿ ನಾನು ಕಾದು ನಿಲ್ಲದ ತಂಗುದಾಣ ಕಡಿಮೆ. ಬೈಕ್ ಇದೆ. ಆದರೆ ತೂಕದ ಬಟ್ಟುಗಳ ಚೀಲ ಹೊತ್ತು ಇಲ್ಲಿನ ಮಳೆಗಾಲದಲ್ಲಿ ಬೈಕ್ ಓಡಿಸುವ ಹುಂಬತನ ನನಗಿಲ್ಲ. ಹಾಗಾಗಿ ಬಸ್ಸೇ ಗತಿ. ಬಸ್ಸಿನಲ್ಲಿ ಕುಳಿತು, ಹೆಚ್ಚಾಗಿ ನಿಂತು, ಕಂಡದ್ದನ್ನು ನಿಮಗೆ ಬರೆಯುತ್ತಿದ್ದೇನೆ.

ಕೊಡಗಿನ ಸಾರಿಗೆ ಎಂದೊಡನೆ ನಮ್ಮ ನಾಯಕರ ಬಾಯಲ್ಲಿ ಬರುವುದು ಎರಡೇ ಮಾತು: ಕುಶಾಲನಗರಕ್ಕೆ ರೈಲು, ಕುಶಾಲನಗರಕ್ಕೆ ಚತುಷ್ಪಥ. ಮೈಸೂರು–ಕುಶಾಲನಗರ ನಡುವಿನ 92 ಕಿಲೋಮೀಟರ್ ಹೆದ್ದಾರಿಗೆ 2023ರ ಮಾರ್ಚ್‌ನಲ್ಲಿ ಪ್ರಧಾನಿಯವರೇ ಶಂಕುಸ್ಥಾಪನೆ ಮಾಡಿದರು; ಅಂದಾಜು ವೆಚ್ಚ 4,130 ಕೋಟಿ ರೂಪಾಯಿ. ಆಗಲಿ, ನನ್ನ ತಕರಾರಿಲ್ಲ. ಆದರೆ ರೈಲೂ ಚತುಷ್ಪಥವೂ ಜಿಲ್ಲೆಯ ಹೊಸ್ತಿಲಲ್ಲೇ ನಿಲ್ಲುತ್ತವೆ. ಅವು ಕೊಡಗಿಗೆ ಬರುವವರ ದಾರಿಗಳು. ಕೊಡಗಿನೊಳಗೇ ಮಾಲ್ದಾರೆಯಿಂದ ಸಿದ್ದಾಪುರಕ್ಕೆ, ಬಾಳೆಲೆಯಿಂದ ಗೋಣಿಕೊಪ್ಪಕ್ಕೆ ದಿನವೂ ಓಡಾಡುವವರ ಬಗ್ಗೆ ಯಾವ ವೇದಿಕೆಯಲ್ಲೂ ಭಾಷಣ ಕೇಳಿದ ನೆನಪು ನನಗಿಲ್ಲ.

ಮಹಿಳೆಯರಿಗೆ ಬಸ್ ಪ್ರಯಾಣ ಉಚಿತ ಮಾಡಿದ ನಿಮ್ಮ ಸರ್ಕಾರದ ಶಕ್ತಿ ಯೋಜನೆಯಿಂದಲೇ ಆರಂಭಿಸುತ್ತೇನೆ. ನಾನು ಟಿಕೆಟ್ ಕೊಳ್ಳುವ ಗಂಡಸು. 2025ರ ಜನವರಿಯಲ್ಲಿ ದರ ಶೇಕಡಾ 15ರಷ್ಟು ಏರಿದಾಗ ಗೊಣಗಿದವನು. ಆದರೂ ಅದನ್ನು ಬಿಟ್ಟಿ ಭಾಗ್ಯ ಎಂದು ಹಂಗಿಸುವವರ ಸಾಲಿಗೆ ನಾನು ಸೇರಿಲ್ಲ. ಒಬ್ಬಳೇ ತವರಿಗೆ ಹೊರಟ ಮುದುಕಿಯನ್ನು, ದುಡ್ಡು ಕೇಳಲು ಗಂಡನ ಮುಖ ನೋಡದೆ ಆಸ್ಪತ್ರೆಗೆ ಹೊರಟ ಹೆಂಗಸನ್ನು ಅದೇ ಬಸ್ಸಿನಲ್ಲಿ ನೋಡಿದವನಿಗೆ ಹಂಗಿಸುವ ಮನಸ್ಸು ಬರುವುದಿಲ್ಲ. ನನ್ನ ದೂರು ಬೇರೆ. 2023ರ ಜೂನ್ 11ರಂದು ಶುರುವಾದ ಈ ಯೋಜನೆ ಸರ್ಕಾರಿ ಬಸ್ಸುಗಳಿಗೆ ಮಾತ್ರ. ಕೊಡಗಿನ ಒಳದಾರಿಗಳಲ್ಲಿ ಬಹಳ ಕಡೆ ಓಡುವುದು ಖಾಸಗಿ ಬಸ್ಸು. ಮೈಸೂರಿನ ಮಹಿಳೆ ಸುಮಾರು 120 ಕಿಲೋಮೀಟರ್ ದೂರದ ಮಡಿಕೇರಿಗೆ ಬಂದು ರಾಜಾಸೀಟ್ ನೋಡಿ ಮರಳಲು ಬಸ್ಸಿಗೆ ಒಂದು ಪೈಸೆ ಕೊಡಬೇಕಿಲ್ಲ. ಅದೇ ಭಾನುವಾರ ತೋಟದ ಕಾರ್ಮಿಕರ ಸಾಲುಮನೆಯಾದ ಲೈನ್ ಮನೆಯಿಂದ ಸಿದ್ದಾಪುರದ ಸಂತೆಗೆ ಹೋಗುವ ಕೂಲಿ ಹೆಂಗಸು ಖಾಸಗಿ ಬಸ್ಸಿಗೆ ಹೋಗಲೂ ಬರಲೂ ದುಡ್ಡು ಎಣಿಸಬೇಕು. ಯೋಜನೆಯನ್ನು ಯಾರಿಗಾಗಿ ಮಾಡಿದಿರೋ ಅವಳನ್ನೇ ಬಿಟ್ಟು ಮುಂದೆ ಹೋಗಿದ್ದೀರಿ.

ಇದಕ್ಕೊಂದು ಬಾಲವೂ ಇದೆ. ಮುಖ್ಯರಸ್ತೆಗಳಲ್ಲಿ ಮಹಿಳೆಯರು ಸಹಜವಾಗಿಯೇ ಸರ್ಕಾರಿ ಬಸ್ಸಿಗೆ ಕಾಯುತ್ತಾರೆ, ಖಾಸಗಿಯವರ ಗಳಿಕೆ ಇಳಿಯುತ್ತದೆ. ನಾನು ಕಂಡಂತೆ ಆ ನಷ್ಟವನ್ನು ಅವರು ತುಂಬಿಕೊಳ್ಳುವುದು ಒಳಊರಿನ ಟ್ರಿಪ್ ಕಡಿದು. ಮೊದಲು ಮಧ್ಯಾಹ್ನದ ಬಸ್ಸು ಹೋಯಿತು, ಆಮೇಲೆ ಭಾನುವಾರದ್ದು, ಆಮೇಲೆ ಜೋರು ಮಳೆಯ ದಿನದ್ದು. ಬಸ್ಸು ಬರುವುದಿಲ್ಲ ಎಂದು ಹೇಳುವವರಿಲ್ಲ. ಬಾರದಿದ್ದಾಗಲೇ ಗೊತ್ತಾಗುವುದು. ಹಾಗೆಂದು ಖಾಸಗಿಯವರನ್ನು ಬೈದು ಕೈತೊಳೆದುಕೊಳ್ಳಲು ನಾನು ತಯಾರಿಲ್ಲ. ಊರಿನ ಔಷಧಿ, ಪತ್ರಿಕೆ, ಪಂಪ್‌ಸೆಟ್ಟಿನ ಬಿಡಿಭಾಗ ಎಲ್ಲ ತಲುಪುವುದು ಅವರ ಡ್ರೈವರ್ ಪಕ್ಕದ ಜಾಗದಲ್ಲೇ. ಶಾಲೆ ಬಿಡುವುದು ತಡವಾದರೆ ಮಕ್ಕಳಿಗಾಗಿ ಎರಡು ನಿಮಿಷ ನಿಲ್ಲುವ ಕಂಡಕ್ಟರುಗಳನ್ನೂ ನೋಡಿದ್ದೇನೆ.

ಈಗ ಸಂಜೆಯ ಬಸ್ಸಿನ ಮಾತು. ಬೆಂಗಳೂರಿನ ಕಡತಗಳಿಗೆ ಇದು ಅರ್ಥವಾಗುವುದಿಲ್ಲವೆಂಬ ಅನುಮಾನದಿಂದ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಸಿದ್ದಾಪುರ, ಮಾಲ್ದಾರೆ, ಪಾಲಿಬೆಟ್ಟ, ಅಮ್ಮತ್ತಿ ಸುತ್ತಿನ ತೋಟಗಳಿಗೆ ಆನೆಗಳು ಈಗ ಬಂದು ಹೋಗುವುದಿಲ್ಲ, ಎಷ್ಟೋ ಹಿಂಡುಗಳು ಅಲ್ಲೇ ಬಿಡಾರ ಹೂಡಿವೆ. ಕೆರೆ ಅಲ್ಲಿದೆ, ಹಲಸು ಅಲ್ಲಿದೆ, ಮರಿಗಳೂ ಅಲ್ಲೇ ಹುಟ್ಟುತ್ತವೆ. ಬಸ್ಸು ಮುಖ್ಯರಸ್ತೆಯಲ್ಲಿ ಇಳಿಸಿ ಹೋಗುತ್ತದೆ. ಅಲ್ಲಿಂದ ಲೈನ್ ಮನೆಗೋ ಆದಿವಾಸಿಗಳ ಹಾಡಿಗೋ ಕಾಫಿ ಗಿಡಗಳ ನಡುವೆ ನಡೆದೇ ಹೋಗಬೇಕು. ಗಿಡ ಆಳೆತ್ತರ, ಮೇಲೆ ಮರದ ನೆರಳು. ತಿರುವಿನಾಚೆ ಆನೆ ನಿಂತಿದ್ದರೆ ಕಾಣುವುದಿಲ್ಲ, ಆನೆಗೂ ನಾವು ಕಾಣುವುದಿಲ್ಲ. ಇಬ್ಬರೂ ಬೆಚ್ಚಿಬೀಳುವುದು ಎದುರಾದ ಮೇಲೆ. ಐದೂವರೆಗೆ ಬರಬೇಕಾದ ಬಸ್ಸು ಡಿಸೆಂಬರಿನಲ್ಲಿ ಆರೂವರೆಗೆ ಬಂದರೆ ನಿಮ್ಮ ಲೆಕ್ಕದಲ್ಲಿ ಒಂದು ಗಂಟೆ ವಿಳಂಬ, ಅಷ್ಟೇ. ಐದೂವರೆಗೆ ಇಳಿದವಳಿಗೆ ಮನೆ ಸೇರುವಷ್ಟು ಬೆಳಕಿರುತ್ತದೆ, ಆರೂವರೆಗೆ ಇಳಿದವಳಿಗೆ ಇರುವುದಿಲ್ಲ.

ಯಾವ ತೋಟದಲ್ಲಿ ಆನೆ ಇದೆ ಎಂದು ಅರಣ್ಯ ಇಲಾಖೆ ಮೊಬೈಲಿಗೆ ಎಚ್ಚರಿಕೆ ಕಳುಹಿಸುತ್ತದೆ. ಒಳ್ಳೆಯ ಕೆಲಸ. ಆದರೆ ಅದನ್ನು ಓದಿದವನಿಗೆ ಮನೆಗೆ ಹೋಗಲು ಬೇರೊಂದು ದಾರಿಯೂ ಇರಬೇಕಲ್ಲ? ಯಾರಾದರೂ ಸತ್ತರೆ ಪರಿಹಾರದ ಚೆಕ್ ಹಿಡಿದು ಜನಪ್ರತಿನಿಧಿಗಳೂ ಅಧಿಕಾರಿಗಳೂ ಒಟ್ಟಿಗೆ ಬರುತ್ತಾರೆ. ಆನೆ ಯಾಕೆ ಅಲ್ಲಿತ್ತು ಎಂದು ಅರಣ್ಯ ಇಲಾಖೆಯನ್ನು ಎಲ್ಲರೂ ಕೇಳುತ್ತಾರೆ. ಆ ಮನುಷ್ಯ ಆ ಹೊತ್ತಿನಲ್ಲಿ ಯಾಕೆ ನಡೆದು ಹೋಗುತ್ತಿದ್ದ ಎಂದು ಸಾರಿಗೆ ಇಲಾಖೆಯನ್ನು ಯಾರೂ ಕೇಳುವುದಿಲ್ಲ. ನಾನು ಈಗ ಕೇಳುತ್ತಿದ್ದೇನೆ.

ಬಸ್ಸಿಲ್ಲದ ಕಡೆ ಜನ ಸುಮ್ಮನೆ ಕೂರುವುದೂ ಇಲ್ಲ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಕಾರ್ಮಿಕರನ್ನು ಪಿಕಪ್ ಜೀಪುಗಳಲ್ಲಿ ನಿಲ್ಲಿಸಿಕೊಂಡು ಹೋಗುವುದನ್ನು ಯಾವ ಬೆಳಿಗ್ಗೆಯಾದರೂ ನೋಡಬಹುದು. ಸರಕಿನ ಗಾಡಿಯಲ್ಲಿ ಜನರನ್ನು ಸಾಗಿಸಬಾರದೆಂಬ ಕಾನೂನು ಎಲ್ಲರಿಗೂ ಗೊತ್ತು. ಆಗಾಗ ದಂಡವೂ ಬೀಳುತ್ತದೆ. ದಂಡ ಕಟ್ಟಿದ ಜೀಪು ಮರುದಿನ ಅದೇ ಹೊರೆಯೊಂದಿಗೆ ಹೊರಡುತ್ತದೆ.

ಆಸ್ಪತ್ರೆಯ ಕಥೆಯೂ ಇದಕ್ಕೇ ಸೇರಿದ್ದು. 2019ರಲ್ಲಿ ಕೊಡಗಿಗೊಂದು ತುರ್ತು ಚಿಕಿತ್ಸೆಯ ದೊಡ್ಡ ಆಸ್ಪತ್ರೆ ಬೇಕೆಂದು ಯುವಜನ ಸಾಮಾಜಿಕ ಜಾಲತಾಣಗಳಲ್ಲಿ ದೊಡ್ಡ ಅಭಿಯಾನ ನಡೆಸಿದರು. ಅದು ನ್ಯಾಯವಾದ ಬೇಡಿಕೆ. ಆದರೆ ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ವೈದ್ಯರನ್ನು ಕಂಡು, ರಕ್ತಪರೀಕ್ಷೆಯ ವರದಿ ಪಡೆದು, ಕುಟ್ಟದ ರೋಗಿ ಅದೇ ದಿನ ಮನೆ ಸೇರಬೇಕಾದರೆ ಸಂಜೆಗೊಂದು ನಂಬಿಕೆಯ ಬಸ್ಸು ಬೇಕು. ಅದಿಲ್ಲದೆ ಕಟ್ಟಡಕ್ಕೆ ಎಷ್ಟು ಮಹಡಿ ಏರಿಸಿದರೂ ಅರ್ಧ ಜಿಲ್ಲೆಗೆ ಅದು ದೂರದ ಆಸ್ಪತ್ರೆಯೇ.

ಬಸ್ಸಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತಮಿಳು, ಬ್ಯಾರಿ, ಈಗೀಗ ಅಸ್ಸಾಮಿ ಕೂಡ ಕೇಳುತ್ತದೆ. ಟಿಪ್ಪು ಜಯಂತಿಯ ಗಲಾಟೆಯ ವರ್ಷಗಳಲ್ಲಿ ಇದೇ ಜನರನ್ನು ಯಾರು ಯಾರ ಕಡೆ ಎಂದು ವಿಂಗಡಿಸಲು ಎರಡೂ ಬಣದವರು ಪಟ್ಟ ಶ್ರಮವನ್ನು ನಾನು ಮರೆತಿಲ್ಲ. ಆ ಶ್ರಮದಲ್ಲಿ ಕಾಲು ಭಾಗ ಬಸ್ಸಿನ ವೇಳಾಪಟ್ಟಿಗೆ ಹಾಕಿದ್ದರೆ ಸಾಕಿತ್ತು. 1956ಕ್ಕೆ ಮೊದಲು ಕೊಡಗು 24 ಸದಸ್ಯರ ಸ್ವಂತ ವಿಧಾನಸಭೆಯಿದ್ದ ಪುಟ್ಟ ರಾಜ್ಯ. ಇಂದು ನಮ್ಮ ಪಾಲಿಗೆ ಎರಡು ಶಾಸಕ ಸ್ಥಾನ, ಮೈಸೂರಿನೊಂದಿಗೆ ಹಂಚಿಕೊಂಡ ಒಂದು ಲೋಕಸಭಾ ಸ್ಥಾನ. ಇಷ್ಟು ಸಣ್ಣ ಸಂಖ್ಯೆಗೆ ಬೆಂಗಳೂರು ಹೆದರುವುದಿಲ್ಲ, ಬಲ್ಲೆ. ಆದರೆ 2023ರಲ್ಲಿ ಆ ಎರಡೂ ಸ್ಥಾನಗಳನ್ನು ಜನ ನಿಮ್ಮ ಪಕ್ಷಕ್ಕೇ ಕೊಟ್ಟಿದ್ದಾರೆ. ಹಾಗಾಗಿ ವಿರೋಧ ಪಕ್ಷದ ಕ್ಷೇತ್ರ ಎಂಬ ನೆಪ ನಿಮಗಿಲ್ಲ.

ಆಗಬೇಕಾದ್ದು ದೊಡ್ಡದೇನಲ್ಲ. ಒಳದಾರಿಗಳಲ್ಲಿ ದೊಡ್ಡ ಬಸ್ಸು ತಿರುಗಲು ಜಾಗವಿಲ್ಲ, ಆ ಕಾರಣವನ್ನು ರಸ್ತೆ ಸಾರಿಗೆ ನಿಗಮದವರು ಹೇಳುವುದು ಸುಳ್ಳಲ್ಲ. ಸಣ್ಣ ಬಸ್ಸು ಕಳುಹಿಸಿ. ಬೆಳಿಗ್ಗೆ ಶಾಲೆಯ ಹೊತ್ತಿಗೆ, ಸಂಜೆ ಐದಕ್ಕೆ. ಸರ್ಕಾರಿ ಬಸ್ಸು ಹೋಗಲಾಗದ ದಾರಿಗಳಲ್ಲಿ ಖಾಸಗಿ ಬಸ್ಸಿಗೂ ಶಕ್ತಿಯನ್ನು ವಿಸ್ತರಿಸಿ, ಆದರೆ ಪರ್ಮಿಟ್‌ನಲ್ಲಿ ಬರೆದ ಟ್ರಿಪ್ ಹೊತ್ತಿಗೆ ಸರಿಯಾಗಿ ಓಡಿಸಿದವರಿಗೆ ಮಾತ್ರ ಹಣ ಕೊಡಿ. ಮಾಲೀಕರಿಗೆ ಈ ಷರತ್ತು ಹಿಡಿಸಲಿಕ್ಕಿಲ್ಲ. ಹಿಡಿಸದಿದ್ದರೆ ಪರ್ಮಿಟ್ ಬಿಟ್ಟುಕೊಡಲಿ. ಆನೆ ಓಡಾಡುವ ದಾರಿಗಳಲ್ಲಿ ಸಂಜೆಯ ಕೊನೆಯ ಬಸ್ಸು ಲೈನ್ ಮನೆಯ ತಿರುವಿನವರೆಗೆ ಹೋಗಲೇಬೇಕೆಂದು ಆ ಪರ್ಮಿಟ್‌ನಲ್ಲೇ ಬರೆಯಿಸಿ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಮುಂದಿನ ಸಭೆಯಲ್ಲೇ ಇದನ್ನು ಎತ್ತಿಕೊಳ್ಳಬಹುದು.

ಅಲ್ಲಿಯವರೆಗೆ ಒಂದು ಕೆಲಸಕ್ಕೆ ಹಣವೂ ಬೇಡ, ಸಭೆಯೂ ಬೇಡ. ಯಾವ ಊರಿಗೆ ಯಾವ ಬಸ್ಸಿಗೆ ಎಷ್ಟು ಹೊತ್ತಿನ ಪರ್ಮಿಟ್ ಇದೆ ಎಂಬ ಪಟ್ಟಿ ನಿಮ್ಮ ಇಲಾಖೆಯ ಬಳಿಯೇ ಇದೆ. ಅದನ್ನು ಕನ್ನಡದಲ್ಲಿ ಮುದ್ರಿಸಿ ಪ್ರತಿ ತಂಗುದಾಣದಲ್ಲೂ ಪ್ರತಿ ಪಂಚಾಯಿತಿ ಕಚೇರಿಯಲ್ಲೂ ಅಂಟಿಸಿ. ಯಾವ ಬಸ್ಸು ಬರಲಿಲ್ಲ ಎಂದು ಬರೆದಿಟ್ಟುಕೊಳ್ಳುವ ಕೆಲಸವನ್ನು ಕಾಯುವವರೇ ಮಾಡುತ್ತಾರೆ.

ಇತಿ,
ಒಬ್ಬ ಬಸ್ ಪ್ರಯಾಣಿಕ
ಕುಶಾಲನಗರ, ಕೊಡಗು ಜಿಲ್ಲೆ