ನೀನು ಕಣ್ಣು ತೆರೆದದ್ದಕ್ಕಲ್ಲ

ಪುಟ್ಟಿ,

ಭಾನುವಾರ ರಾತ್ರಿ ನೀನು ಫೋನ್ ಇಟ್ಟ ಮೇಲೆ ನಾನು ತುಂಬಾ ಹೊತ್ತು ಅಲ್ಲೇ ಕೂತಿದ್ದೆ. ಮತ್ತೆ ಮಾಡೋಣ ಅನ್ನಿಸಿತು. ಮಾಡಿದ್ದರೆ ಅದೇ ಮಾತನ್ನೇ ಇನ್ನೊಂದು ಸಲ ಹೇಳುತ್ತಿದ್ದೆ. ನನ್ನ ಬಾಯಿಗೆ ಅದು ರೂಢಿಯಾಗಿಬಿಟ್ಟಿದೆ. ಅದಕ್ಕೇ ಬರೆಯುತ್ತಿದ್ದೇನೆ. ಬರೆದದ್ದನ್ನು ಹೊಡೆದುಹಾಕಬಹುದು, ಆಡಿದ್ದನ್ನು ಆಗುವುದಿಲ್ಲ. ಇದಕ್ಕೆ ಮೊದಲು ಮೂರು ಕಾಗದ ಹರಿದು ಹಾಕಿದ್ದೇನೆ.

ಆಸ್ಪತ್ರೆಯ ವಿಷಯ ಬರೆಯುವುದಿಲ್ಲ. ಹೋದ ವರ್ಷ ಹೊಟ್ಟೆಯಲ್ಲಿ ನಿಲ್ಲದೆ ಹೋದ ಮಗುವಿನದ್ದೂ ಬೇಡ, ಈ ಸಲದ್ದೂ ಬೇಡ. ನಿನಗೆ ಗೊತ್ತು, ನನಗೂ ಗೊತ್ತು.

ನೀನು ಕೇಳಿದ್ದು ಒಂದೇ ಪ್ರಶ್ನೆ. "ಅಮ್ಮಾ, ನಾನು ಏನು ತಪ್ಪು ಮಾಡಿದೆ?" ಅದಕ್ಕೆ ನಾನು, "ಹಾಗೆಲ್ಲ ಯೋಚಿಸಬೇಡ, ಪಾಸಿಟಿವ್ ಆಗಿರು, ದೇವರ ಮೇಲೆ ನಂಬಿಕೆ ಇಡು, ಎಲ್ಲಾ ಒಳ್ಳೇದಕ್ಕೇ" ಅಂದೆ. ಒಂದೇ ಉಸಿರಿನಲ್ಲಿ ನಾಲ್ಕು ಮಾತು. ಒಂದೂ ನೀನು ಕೇಳಿದ್ದಕ್ಕೆ ಉತ್ತರ ಅಲ್ಲ. "ನಿನ್ನ ಹತ್ತಿರ ಯಾವಾಗಲೂ ಇದೇ ಇರೋದು ಅಮ್ಮ" ಅಂತ ನೀನು ಫೋನ್ ಇಟ್ಟೆ.

ನನಗೆ ಕೋಪ ಬಂದದ್ದು ನಿಜ. ಇಷ್ಟು ವರ್ಷ ನಿನಗಾಗಿ ಮೊಣಕಾಲೂರಿದವಳಿಗೆ ಹೀಗೆ ಹೇಳುತ್ತಾಳಲ್ಲ ಅನ್ನಿಸಿತು. ಆದರೆ ದೀಪ ಆರಿಸಿ ಮಲಗಿದ ಮೇಲೆ ಬೇರೆಯೇ ಒಂದು ಕಾಡಲು ಶುರುವಾಯಿತು. ಈ ಪ್ರಶ್ನೆಯನ್ನು ನಾನು ಮೊದಲೂ ಕೇಳಿಸಿಕೊಂಡಿದ್ದೇನೆ. ನಿನ್ನ ಬಾಯಿಂದಲೇ. ಆಗ ನಿನಗೆ 9 ವರ್ಷ.

ಅಜ್ಜಿಯ ಕಾಯಿಲೆ ನಿನಗೆ ಎಷ್ಟು ನೆನಪಿದೆಯೋ. ಕೊನೆಯ ಆ ಹದಿನೈದು ದಿನ ನನಗೆ ಪ್ರಾರ್ಥನೆ ಮಾಡಲು ಆಗುತ್ತಲೇ ಇರಲಿಲ್ಲ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಸಭೆಯವರು ಬಂದರೆ ಆಮೆನ್ ಅನ್ನುತ್ತಿದ್ದೆ. ಒಬ್ಬಳೇ ಇದ್ದಾಗ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ. ಅದಕ್ಕೆ ನಿನ್ನನ್ನು ಕರೆದು ಅಜ್ಜಿಯ ಮಂಚದ ಪಕ್ಕ ಕೂರಿಸಿದೆ. "ಮಕ್ಕಳ ಪ್ರಾರ್ಥನೆ ದೇವರು ಬೇಗ ಕೇಳುತ್ತಾನೆ. ಕಣ್ಣು ಗಟ್ಟಿಯಾಗಿ ಮುಚ್ಚು. ಸಂಶಯ ಪಡಬೇಡ. ಅಜ್ಜಿ ಎದ್ದು ಕೂರುತ್ತಾರೆ ಅಂತಲೇ ನಂಬು" ಅಂದೆ.

ನೀನು ಹಾಗೇ ಮಾಡಿದೆ. ರೆಪ್ಪೆ ನಡುಗುವಷ್ಟು ಬಿಗಿಯಾಗಿ ಕಣ್ಣು ಮುಚ್ಚುತ್ತಿದ್ದೆ. ಕೈ ಜೋಡಿಸಿ, ಬೆರಳ ತುದಿ ಬೆಳ್ಳಗಾಗುವ ತನಕ ಒತ್ತಿ ಹಿಡಿಯುತ್ತಿದ್ದೆ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನನಗೆ ಸಮಾಧಾನ ಆಗುತ್ತಿತ್ತು. ಈ ಮನೆಯಲ್ಲಿ ಒಬ್ಬರಾದರೂ ನಂಬುತ್ತಿದ್ದಾರೆ ಅಂತ.

ಅಜ್ಜಿ ಹೋದ ರಾತ್ರಿ ಮನೆ ತುಂಬಾ ಜನ. ನೀನು ನನ್ನ ಸೀರೆಯ ಸೆರಗು ಹಿಡಿದು ಎಳೆದೆ. ನಾನು ಬಗ್ಗಿದೆ. ನನ್ನ ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ, "ಅಮ್ಮಾ, ನಾನು ಮಧ್ಯದಲ್ಲಿ ಒಂದು ಸಲ ಕಣ್ಣು ತೆರೆದೆ. ಅದಕ್ಕೇನಾ?"

ನಾನು "ಹೋಗು, ಮಲಗು" ಅಂದೆ.

ಅಷ್ಟೇ ಅಂದದ್ದು. ಯಾರೋ ಬಂದು ನನ್ನನ್ನು ತಬ್ಬಿ ಅಳಲು ಶುರು ಮಾಡಿದರು. ನಾನೂ ಅತ್ತೆ. ನೀನು ಹೋಗಿ ಮಲಗಿದೆ. ಮಾರನೆಯ ದಿನ ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಒಂದು ವಾರ ಆಯಿತು. ಒಂದು ವರ್ಷ ಆಯಿತು. ನೀನು ಮರೆತಿರಬೇಕು ಅಂದುಕೊಂಡೆ. ಮಕ್ಕಳು ಮರೆಯುತ್ತಾರೆ ಅಂತ ನಾವು ದೊಡ್ಡವರು ನಮ್ಮ ಅನುಕೂಲಕ್ಕೆ ಅಂದುಕೊಳ್ಳುತ್ತೇವೆ. ಭಾನುವಾರ ಗೊತ್ತಾಯಿತು. ನೀನು ಮರೆತಿಲ್ಲ. ಅಥವಾ ಮರೆತಿದ್ದೀಯ, ಆದರೆ ಆ ಪ್ರಶ್ನೆ ಮಾತ್ರ ನಿನ್ನ ಒಳಗೆ ಬೆಳೆದಿದೆ.

ಅದು ನಿನ್ನಿಂದ ಆದದ್ದಲ್ಲ ಮಗಳೇ. ಆವತ್ತಿನದ್ದೂ ಅಲ್ಲ, ಮೊನ್ನೆಯದ್ದೂ ಅಲ್ಲ. ನೀನು ಕಣ್ಣು ತೆರೆದದ್ದಕ್ಕಲ್ಲ. ಅಜ್ಜಿಯ ಶ್ವಾಸಕೋಶ ಸೋತುಹೋಗಿತ್ತು. ಅದನ್ನು ಆವತ್ತೇ ಹೇಳಬೇಕಾಗಿತ್ತು, ನಿನ್ನನ್ನು ಮಡಿಲಲ್ಲಿ ಕೂರಿಸಿಕೊಂಡು. ನಾನು ಹೊರಲಾಗದ ಹೊರೆಯನ್ನು 9 ವರ್ಷದ ಮಗುವಿನ ತಲೆ ಮೇಲೆ ಇಟ್ಟೆ. ಇಟ್ಟದ್ದು ಒಂದು ತಪ್ಪು. ಇಳಿಸದೆ ಬಿಟ್ಟದ್ದು ಅದಕ್ಕಿಂತ ದೊಡ್ಡ ತಪ್ಪು. ನನ್ನನ್ನು ಕ್ಷಮಿಸು.

ಪಾಸಿಟಿವ್ ಆಗಿ ಯೋಚಿಸು ಅಂತ ಹೇಳುವಾಗೆಲ್ಲ ನಾನು ಯಾವ ವಚನ ಹಿಡಿದುಕೊಂಡು ಹೇಳುತ್ತಿದ್ದೆ ಅಂತ ನಿನಗೆ ಗೊತ್ತು. ಬೈಬಲಿನಲ್ಲಿ ಅಪೊಸ್ತಲ ಪೌಲ ಫಿಲಿಪ್ಪಿ ಊರಿನ ಸಭೆಯವರಿಗೆ ಬರೆದ ಪತ್ರ, 4ನೇ ಅಧ್ಯಾಯ, 8ನೇ ವಚನ. ಒಳ್ಳೆಯದನ್ನು, ಪ್ರೀತಿಕರವಾದದ್ದನ್ನು, ಶುದ್ಧವಾದದ್ದನ್ನು ಮನಸ್ಸಿಗೆ ತಂದುಕೊಳ್ಳಿ ಅನ್ನುವ ಮಾತು. ಸೋಮವಾರ ಬೆಳಗ್ಗೆ ಸತ್ಯವೇದ ತೆಗೆದು ಆ ಪತ್ರವನ್ನು ಮೊದಲಿನಿಂದ ಓದಿದೆ. ನಾಲ್ಕೇ ಅಧ್ಯಾಯ. ಎಷ್ಟೋ ಸಲ ಓದಿದ್ದೇನೆ. ಈ ಸಲ ಎರಡು ಕಡೆ ನಿಂತುಬಿಟ್ಟೆ.

ಒಂದು, ಆ ವಚನದ ಪಟ್ಟಿಯಲ್ಲಿ ಮೊದಲು ಬರುವುದು ಸತ್ಯ. ಪ್ರೀತಿಕರವಾದದ್ದು, ಒಳ್ಳೆಯ ಹೆಸರಿನದು, ಎಲ್ಲಾ ಆಮೇಲೆ. ನಾನು ಮಾತ್ರ ಮೊದಲನೆಯದನ್ನು ಹಾರಿಸಿ ಸಿಹಿಯಾದದ್ದಕ್ಕೆ ಓಡುತ್ತಿದ್ದೆ. ಹಾಗಾದರೆ ನಿನಗೆ ಮೊದಲು ಸತ್ಯವನ್ನೇ ಹೇಳುತ್ತೇನೆ. ಮೊದಲ ಮೂರು ತಿಂಗಳಲ್ಲಿ ನಿಲ್ಲದೆ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಕ್ರೋಮೋಸೋಮ್‌ಗಳ ತೊಂದರೆ. ಜೀವ ಮೊಳೆಯುವ ಮೊದಲ ಹೊತ್ತಿನಲ್ಲೇ ಆಗಿಬಿಡುವಂಥದ್ದು. ಮೆಟ್ಟಿಲು ಹತ್ತಿದ್ದಕ್ಕೆ, ಆಫೀಸಿಗೆ ಹೋದದ್ದಕ್ಕೆ, ಹಿಂದಿನ ರಾತ್ರಿ ಅತ್ತದ್ದಕ್ಕೆ ಅಲ್ಲ. ಡಾಕ್ಟರ್ ನಿನಗೆ ಇದನ್ನೇ ಹೇಳಿದರು. ನೀನು ನಂಬಲಿಲ್ಲ, ಅಲ್ವಾ? ತಪ್ಪು ನಿನ್ನದೇ ಅಂತ ರಾತ್ರಿ ಮೂರು ಗಂಟೆಗೆ ಮನಸ್ಸು ಹೇಳುತ್ತದಲ್ಲ, ಅದು ಸುಳ್ಳು. ಸುಳ್ಳನ್ನು ಸುಳ್ಳು ಅನ್ನುವುದೇ ಆ ವಚನದ ಪ್ರಕಾರ ಯೋಚಿಸುವುದು. ನಗುಮುಖ ಹಾಕಿಕೊಳ್ಳುವುದು ಅಲ್ಲ.

ಎರಡನೆಯದು, 2ನೇ ಅಧ್ಯಾಯ. ಎಪಫ್ರೊದೀತ ಅನ್ನುವ ಗೆಳೆಯ ಕಾಯಿಲೆ ಬಿದ್ದು ಸಾವಿನ ಹತ್ತಿರ ಹೋಗಿ ಬಂದಿದ್ದಾನೆ. ಪೌಲ ಬರೆಯುತ್ತಾನೆ, ದೇವರು ಅವನನ್ನು ಕರುಣಿಸಿದ, ಅವನನ್ನು ಮಾತ್ರ ಅಲ್ಲ, ನನ್ನನ್ನೂ ಕರುಣಿಸಿದ, ಇಲ್ಲದಿದ್ದರೆ ನನಗೆ ದುಃಖದ ಮೇಲೆ ದುಃಖ ಬರುತ್ತಿತ್ತು ಅಂತ. ಕೈಗೆ ಬೇಡಿ ಬಿದ್ದಿರುವಾಗ "ಸಂತೋಷಪಡಿರಿ" ಅಂತ ಬರೆದ ಮನುಷ್ಯ, ಅದೇ ಪತ್ರದಲ್ಲಿ ತನ್ನ ಭಯವನ್ನೂ ಬರೆದಿದ್ದಾನೆ. ಮುಚ್ಚಿಡಲಿಲ್ಲ. ದುಃಖದ ಮೇಲೆ ದುಃಖ. ನಿನಗೆ ಅದೇ ಬಂದಿದೆ ಮಗಳೇ. ನಾನು ಅದನ್ನು ಹಾಗೆಂದು ಒಂದು ಸಲವೂ ಹೇಳಲಿಲ್ಲ.

ತ್ರೊಫಿಮ ಅಂತ ಇನ್ನೊಬ್ಬನಿದ್ದಾನೆ. ಪೌಲ ಅವನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟು ಹೋಗಬೇಕಾಯಿತು. ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ ಒಂದೇ ಸಾಲು. ಅವನಿಗೆ ನಂಬಿಕೆ ಸಾಲಲಿಲ್ಲ ಅಂತ ಪೌಲ ಎಲ್ಲೂ ಹೇಳಿಲ್ಲ. ಯಾರಿಗೂ ಹಾಗೆ ಹೇಳುವ ಹಕ್ಕಿಲ್ಲ. ನಿನಗೆ ಯಾರಾದರೂ ಹಾಗೆ ಹೇಳಿದ್ದರೆ, ಅವರು ಎಷ್ಟೇ ದೊಡ್ಡವರಾಗಿರಲಿ, ಅವರ ಮಾತನ್ನು ಹೊಸಿಲ ಹೊರಗೇ ಬಿಡು.

ಮಕ್ಕಳಿಲ್ಲದೆ ಕೊರಗಿದ ಹನ್ನಳ ಕಥೆಯನ್ನು ನಾನು ಹೇಳುವುದಿಲ್ಲ. ಎಷ್ಟು ಜನ ನಿನಗೆ ಅದನ್ನು ಹೇಳಿ, ಕೊನೆಯಲ್ಲಿ ಸಮುವೇಲ ಹುಟ್ಟಿದ್ದನ್ನು ತೋರಿಸಿ, ಕಾಯುತ್ತಿರು ಅಂದಿದ್ದಾರೋ. ಆ ಕಥೆಯಲ್ಲಿ ನಿನಗಲ್ಲ, ನನಗೆ ಒಂದು ಪಾಠ ಇದೆ. ಅವಳು ಅಳುತ್ತಾ ಪ್ರಾರ್ಥಿಸುವಾಗ ತುಟಿ ಮಾತ್ರ ಅಲುಗುತ್ತಿತ್ತು, ದನಿ ಕೇಳುತ್ತಿರಲಿಲ್ಲ. ಯಾಜಕನಾದ ಏಲಿ ನೋಡಿ, ಕುಡಿದಿದ್ದಾಳೆ ಅಂದುಕೊಂಡು ಗದರಿದ. ದೇವರ ಮನೆಯಲ್ಲೇ ಇದ್ದವನು, ಎದುರಿಗಿದ್ದವಳ ನೋವನ್ನು ಗುರುತಿಸಲಿಲ್ಲ. ಭಾನುವಾರ ನಾನು ಏಲಿಯ ಹಾಗೆ ಮಾಡಿದೆ. ಆಮೇಲೆ ಅವನು ತಿದ್ದಿಕೊಂಡ, ಸಮಾಧಾನದಿಂದ ಹೋಗು ಅಂದ. ನನಗೂ ತಿದ್ದಿಕೊಳ್ಳಲು ಬಿಡು.

ಈಗ ಎರಡು ಮಾತು ಹೇಳುತ್ತೇನೆ. ಇದನ್ನು ಬುದ್ಧಿಮಾತು ಅಂತ ತಗೋಬೇಡ.

ನಿನಗೆ ಪ್ರಾರ್ಥನೆ ಬರುತ್ತಿಲ್ಲ ಅಂದೆ. ಬಾರದಿದ್ದರೆ ಬಿಡು. ಮಾರ್ಕನ ಸುವಾರ್ತೆಯ 2ನೇ ಅಧ್ಯಾಯದಲ್ಲಿ ನಾಲ್ಕು ಜನ ಒಬ್ಬ ಪಾರ್ಶ್ವವಾಯು ರೋಗಿಯನ್ನು ಹಾಸಿಗೆ ಸಮೇತ ಹೊತ್ತು ತಂದು, ಚಾವಣಿ ಬಿಚ್ಚಿ ಯೇಸುವಿನ ಮುಂದೆ ಇಳಿಸಿದರು ಅಲ್ವಾ? ಯೇಸು "ಅವರ" ನಂಬಿಕೆಯನ್ನು ನೋಡಿದ ಅಂತಿದೆ. ಮಲಗಿದ್ದವನು ಏನು ನಂಬಿದ್ದ, ಏನು ಬಿಟ್ಟಿದ್ದ ಅಂತ ಅಲ್ಲಿ ಬರೆದಿಲ್ಲ. ಅವನು ಸುಮ್ನೆ ಮಲಗಿದ್ದ. ನೀನು ಈಗ ಮಲಗಿರು. ಹೊರುವ ಕೆಲಸ ನಮಗೆ ಬಿಡು. ನಿನಗೆ 9 ವರ್ಷ ಇದ್ದಾಗ ನಾನು ಹೊರಿಸಿದ್ದಕ್ಕೆ ಈಗ ನಾನು ಹೊರುತ್ತೇನೆ. ಪ್ರಾರ್ಥಿಸಲೇಬೇಕು ಅನ್ನಿಸಿದರೆ 88ನೇ ಕೀರ್ತನೆ ಓದು. ಅದರ ಕೊನೆಯಲ್ಲಿ ಬೆಳಕು ಬರುವುದಿಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ. ಅಂಥ ಪ್ರಾರ್ಥನೆಯನ್ನೂ ಕಿತ್ತುಹಾಕದೆ ಸತ್ಯವೇದದಲ್ಲಿ ಉಳಿಸಿದ್ದಾರೆ.

ಇನ್ನು ಅಳಿಯಂದಿರ ವಿಷಯ. ಅವರು ಅಳುತ್ತಿಲ್ಲ ಅಂದೆ, ಕೆಲಸಕ್ಕೆ ಹೋಗಿ ಬರುತ್ತಿದ್ದಾರೆ ಅಂದೆ. ಅಳದವರಿಗೆ ನೋವಿಲ್ಲ ಅಂದುಕೊಳ್ಳಬೇಡ. ಪ್ರೀತಿ ಅಪಕಾರವನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ ಅಂತ ನಿಮ್ಮ ಮದುವೆಯಲ್ಲಿ ಓದಿದರು. ಅವರು ಮೌನವಾಗಿದ್ದ ದಿನಗಳ ಲೆಕ್ಕ ಇಡಬೇಡ. ಸಂಜೆ ಇಬ್ಬರೂ ಸ್ವಲ್ಪ ದೂರ ನಡೆದುಬನ್ನಿ, ಮಾತಾಡದಿದ್ದರೂ ಪರವಾಗಿಲ್ಲ. ರಾತ್ರಿ ಫೋನ್ ಪಕ್ಕಕ್ಕಿಡು, ಬೇರೆಯವರ ಮಕ್ಕಳ ಫೋಟೋ ನೋಡುತ್ತಾ ಕೂರಬೇಡ. ನಿದ್ದೆ ಮಾಡು. ಪ್ರವಾದಿ ಎಲೀಯ ಸಾಯಬೇಕು ಅಂತ ಪೊದೆಯ ಕೆಳಗೆ ಮಲಗಿದಾಗ ದೇವದೂತ ಉಪದೇಶ ಮಾಡಲಿಲ್ಲ, ಎಬ್ಬಿಸಿ ಊಟ ಮಾಡು ಅಂದ. ತಿಂದು ಮತ್ತೆ ಮಲಗಿದವನನ್ನು ಬೈಯಲಿಲ್ಲ. ಇನ್ನೊಂದು ಸಲ ಎಬ್ಬಿಸಿ ಊಟ ಕೊಟ್ಟ. ಹಾಗೇ ನೀನು ಹೊತ್ತು ಹೊತ್ತಿಗೆ ತಿನ್ನಬೇಕು, ಮಾತ್ರೆ ತಪ್ಪಿಸಬಾರದು, ಕಬ್ಬಿಣಾಂಶ ಕಡಿಮೆ ಇದೆ ಅಂದಿದ್ದಾರೆ, ಮತ್ತೆ...

ಎರಡು ಮಾತು ಅಂದವಳು ಎಷ್ಟು ಹೇಳಿದೆ ನೋಡು. ಹೊಡೆದುಹಾಕೋಣ ಅಂದುಕೊಂಡೆ. ಇರಲಿ. ಮಾತ್ರೆ ಮಾತ್ರ ತಪ್ಪಿಸಬೇಡ.

ನಿನಗೆ ನಂಬಿಕೆ ಉಳಿದಿಲ್ಲ ಅಂತ ನೀನು ಹೇಳಿದಾಗ ನನಗೆ ಭಯ ಆಯಿತು. ಈಗಲೂ ಇದೆ. ಆದರೆ ಆಸ್ಪತ್ರೆಯಿಂದ ಬಂದ ನಾಲ್ಕನೇ ದಿನವೇ, ನಿನ್ನ ಗೆಳತಿಯ ಹೆರಿಗೆ ಆಗಿದೆ ಅಂತ ಕೇಳಿ ನೀನು ಅವಳಿಗೆ ಫೋನ್ ಮಾಡಿ ಹಾರೈಸಿದೆಯಂತೆ. ಆಮೇಲೆ ಬಚ್ಚಲಮನೆಗೆ ಹೋಗಿ ಅತ್ತೆಯಂತೆ. ಅಳಿಯಂದಿರು ಹೇಳಿದರು. ಅವರು ಇದನ್ನು ಹೇಳುವಾಗ ಅವರ ದನಿ ಒಡೆದಿತ್ತು, ನಿನಗೆ ಗೊತ್ತಿರಲಿ. ಬೆಟ್ಟ ಸರಿಸುವ ನಂಬಿಕೆ ಇದ್ದರೂ ಪ್ರೀತಿ ಇಲ್ಲದಿದ್ದರೆ ನಾನು ಏನೂ ಅಲ್ಲ ಅಂತ ಪೌಲ ಕೊರಿಂಥದವರಿಗೆ ಬರೆದ. ನಂಬಿಕೆ, ನಿರೀಕ್ಷೆ, ಪ್ರೀತಿ, ಮೂರರಲ್ಲಿ ದೊಡ್ಡದು ಯಾವುದು ಅಂತ ಭಾನುವಾರ ಶಾಲೆಯಲ್ಲಿ ನೀನೇ ಎದ್ದು ನಿಂತು ಹೇಳಿದ್ದೆ. ಆ ಫೋನ್ ಮಾಡುವ ಶಕ್ತಿ ನಿನಗೆ ಎಲ್ಲಿಂದ ಬಂತು? ನನ್ನ ಕೈಲಿ ಆಗುತ್ತಿರಲಿಲ್ಲ. ನಿನ್ನನ್ನು ನೋಡಿ ನನಗೆ ಹೆಮ್ಮೆ ಆಗುತ್ತದೆ. ಅದನ್ನು ಎದುರಿಗೆ ಹೇಳಿದ್ದು ತುಂಬಾ ಕಡಿಮೆ. ಅದೂ ನನ್ನ ತಪ್ಪೇ.

ದೇವರು ಯಾಕೆ ಹೀಗೆ ಮಾಡಿದ ಅಂತ ನೀನು ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಮೊದಲು ಇದೆ ಅಂದುಕೊಂಡಿದ್ದೆ. ಲಾಜರ ಸತ್ತಾಗ ಅವನ ಅಕ್ಕ ಮರಿಯಳು, ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಅಂತ ಯೇಸುವಿನ ಮುಖಕ್ಕೇ ಹೇಳಿದಳು. ಅವನು ಅವಳನ್ನು ತಿದ್ದಲಿಲ್ಲ. ಎಲ್ಲಿಟ್ಟಿದ್ದೀರಿ ಅಂತ ಕೇಳಿದ, ಅತ್ತ. ಸತ್ತವನನ್ನು ಎಬ್ಬಿಸಲು ಹೋಗುತ್ತಿದ್ದವನೇ ಮೊದಲು ಅತ್ತ. ನನಗೆ ಗೊತ್ತಿರುವ ದೇವರು ಇವನೇ. ಅವನನ್ನು ನಾನು ಬಿಟ್ಟಿಲ್ಲ. ಅವನು ನಿನ್ನನ್ನು ಬಿಟ್ಟಿದ್ದಾನೆ ಅಂತ ನನಗೆ ಒಂದು ಕ್ಷಣವೂ ಅನ್ನಿಸಿಲ್ಲ.

ಶನಿವಾರ ಬರುತ್ತೇನೆ, ಒಂದು ವಾರ ಇರುತ್ತೇನೆ. ನೀನು ಕೇಳದೆ ಪ್ರಾರ್ಥನೆ ಮಾಡಿಸುವುದಿಲ್ಲ. ನಾನು ನನ್ನ ಪಾಡಿಗೆ ಬೆಳಗ್ಗೆ ಮಾಡಿಕೊಳ್ಳುತ್ತೇನೆ, ನೀನು ಪಕ್ಕದಲ್ಲಿ ಬಂದು ಕೂತರೂ ಸರಿ, ಕಣ್ಣು ತೆರೆದುಕೊಂಡೇ ಕೂತರೂ ಸರಿ. ಅಜ್ಜಿಯ ವಿಷಯ ಮಾತಾಡಬೇಕು ಅನ್ನಿಸಿದರೆ ಮಾತಾಡೋಣ. ನನಗೆ ಮಾತಾಡಬೇಕು ಅನ್ನಿಸುತ್ತಿದೆ.

ಬರುವುದು ಬೇಡ ಅಂದರೆ ಬರುವುದಿಲ್ಲ, ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ಅದನ್ನಾದರೂ ಫೋನ್ ಮಾಡಿ ಹೇಳು.

ಅಮ್ಮ