ಹೂವಿನ ಚಿತ್ರ ನೋಡಬೇಡಿ, ಬೇರು ನೋಡಿ

ಮಾನ್ಯರೇ,

ಬರಿಬೇರಿನ ಗುಲಾಬಿ ಗಿಡಗಳ ಬಗ್ಗೆ ನಿಮ್ಮ ತೋಟಗಾರಿಕೆ ಪುಟದಲ್ಲಿ ಬಂದ ಲೇಖನದಲ್ಲಿ ಗೊಬ್ಬರದ ಮಾತು ಬಹಳವಿತ್ತು, ಬೇರಿನ ಮಾತೇ ಇರಲಿಲ್ಲ. ಮಣ್ಣಿಲ್ಲದೆ ಬರುವ ಈ ಗಿಡಗಳು ಗೊಬ್ಬರ ಸಾಲದೆ ಸಾಯುವುದು ಅಪರೂಪ. ನೆಡುವ ಮೊದಲೇ ಬೇರು ಒಣಗಿ ಸಾಯುವವೇ ಹೆಚ್ಚು.

ಪ್ಯಾಕೆಟ್ಟಿನ ಮೇಲಿನ ಹೂವಿನ ಚಿತ್ರ ಗಿಡದ ಸ್ಥಿತಿ ಹೇಳುವುದಿಲ್ಲ. ಪೆನ್ಸಿಲ್ ದಪ್ಪದ ಗಟ್ಟಿ ರೆಂಬೆಗಳು ಮೂರಾದರೂ ಇರಬೇಕು. ತೊಗಟೆಯನ್ನು ಉಗುರಿನಿಂದ ಗೀರಿದರೆ ಒಳಗೆ ಹಸಿರು ಕಾಣಬೇಕು. ಬೇರು ಬಗ್ಗಿಸಿದರೆ ಬಾಗಬೇಕು. ಪಟ್ಟನೆ ಮುರಿದರೆ ಒಣಗಿದೆ, ಕಪ್ಪಾಗಿ ಲೋಳೆ ಕಟ್ಟಿದ್ದರೆ ಕೊಳೆತಿದೆ. ಕಸಿ ಗಂಟಿನ (ಕಸಿ ಕಟ್ಟಿದ ಜಾಗದ ಉಬ್ಬಿನ) ಬಳಿಯೋ ಬೇರಿನಲ್ಲೋ ಒರಟು ಗಡ್ಡೆ ಕಂಡರೆ ಆ ಗಿಡ ಬೇಡವೇ ಬೇಡ: ಅದು ಬ್ಯಾಕ್ಟೀರಿಯಾದಿಂದ ಬರುವ ರೋಗ, ಮಣ್ಣಿನಲ್ಲೂ ಉಳಿಯುತ್ತದೆ. ಪ್ಯಾಕೆಟ್ಟಿನೊಳಗೇ ಉದ್ದುದ್ದ ಬಿಳಿ ಚಿಗುರು ಬಂದಿದ್ದರೆ ಹಿಗ್ಗಬೇಡಿ. ಬೆಚ್ಚಗಿನ ಜಾಗದಲ್ಲಿ ಬಹಳ ದಿನ ಇದ್ದು ಗಿಡ ತನ್ನೊಳಗಿನ ಆಹಾರವನ್ನು ಖರ್ಚು ಮಾಡಿಕೊಂಡಿದೆ. ಮಾರುವವರು ಗಿಡವನ್ನು ಮಣ್ಣಿನಿಂದ ಕಿತ್ತ ತಾರೀಖನ್ನು ಚೀಟಿಯಲ್ಲಿ ನಮೂದಿಸಿದರೆ ಕೊಳ್ಳುವವರಿಗೆ ಅರ್ಧ ಕೆಲಸ ಹಗುರವಾಗುತ್ತದೆ. ಇದನ್ನು ನಾವು ಕೇಳಿ ಪಡೆಯಬೇಕು.

ಮನೆಗೆ ತಂದ ಕೂಡಲೇ ಬೇರು ಪೂರ್ತಿ ಮುಳುಗುವಂತೆ ನೀರಿನಲ್ಲಿಡಿ. ಆರರಿಂದ ಹನ್ನೆರಡು ಗಂಟೆ ಸಾಕು. ಒಂದು ದಿನ ದಾಟಿದರೆ ಬೇರಿಗೆ ಗಾಳಿ ಸಿಗದೆ ಕೊಳೆಯತೊಡಗುತ್ತದೆ. ಅಂದೇ ನೆಡಲಾಗದಿದ್ದರೆ ನೆರಳಿನಲ್ಲಿ ಒಂದು ಸಾಲು ತೋಡಿ, ಗಿಡವನ್ನು ಓರೆಯಾಗಿ ಮಲಗಿಸಿ, ಬೇರಿನ ಮೇಲೆ ತೇವದ ಮಣ್ಣು ಮುಚ್ಚಿಡಿ. ನೆಡುವ ಹೊತ್ತಿನಲ್ಲಿಯೂ ಗುಣಿಗೆ ಇಳಿಸುವವರೆಗೆ ಗಿಡ ನೀರಿನ ಬಕೆಟ್ಟಿನಲ್ಲೇ ಇರಲಿ. ಬಿಸಿಲು, ಗಾಳಿಗೆ ಬಿಟ್ಟರೆ ಎಳೆಬೇರು ಕೆಲವೇ ನಿಮಿಷಗಳಲ್ಲಿ ಒಣಗುತ್ತದೆ.

ಗುಣಿ ಅಗಲ, ಆಳ ಎರಡೂ 45 ಸೆಂ.ಮೀ. ಇರಲಿ. ತಳದಲ್ಲಿ ಮಣ್ಣಿನ ದಿಬ್ಬ ಮಾಡಿ, ಅದರ ಮೇಲೆ ಬೇರುಗಳನ್ನು ಸುತ್ತಲೂ ಇಳಿಬಿಡಿ. ಮುರಿದ ತುದಿಗಳನ್ನು ಮಾತ್ರ ಕತ್ತರಿಸಿ. ಗುಣಿ ಚಿಕ್ಕದಾಯಿತೆಂದು ಒಳ್ಳೆಯ ಬೇರು ಕತ್ತರಿಸುವ ಬದಲು ಗುಣಿಯನ್ನೇ ದೊಡ್ಡದು ಮಾಡಿ. ಹಿಮ ಬೀಳುವ ಕಡೆ ಕಸಿ ಗಂಟು ನೆಲಮಟ್ಟಕ್ಕಿಂತ ಸುಮಾರು 5 ಸೆಂ.ಮೀ. ಕೆಳಗಿರಬೇಕು, ಬೆಚ್ಚಗಿನ ಕಡೆ ತುಸು ಮೇಲಿರಬೇಕು. ಅರ್ಧ ಮಣ್ಣು ತುಂಬಿ ನೀರು ಬಿಟ್ಟು, ಅದು ಇಂಗಿದ ಮೇಲೆ ಉಳಿದದ್ದನ್ನು ತುಂಬಿದರೆ ಬೇರಿನ ನಡುವೆ ಟೊಳ್ಳು ಉಳಿಯುವುದಿಲ್ಲ. ರಾಸಾಯನಿಕ ಗೊಬ್ಬರವನ್ನು ಗುಣಿಗೆ ಹಾಕಲೇಬಾರದು, ಬೇರು ಸುಡುತ್ತದೆ. ಮೊದಲ ಹೂವಿನ ನಂತರ ಕೊಟ್ಟರೆ ಸಾಕು. ಹಳೆಯ ಗುಲಾಬಿ ಕಿತ್ತ ಜಾಗವಾದರೆ ಗುಣಿಯ ಮಣ್ಣು ಪೂರ್ತಿ ಬದಲಿಸಿ, ಇಲ್ಲವಾದರೆ ಹೊಸ ಗಿಡ ಕುಂಠಿತವಾಗುತ್ತದೆ.

ಹೆಚ್ಚಿನವರು ಕೈಬಿಡುವ ಕೆಲಸ ಮುಂದಿನದು. ನೆಟ್ಟ ಮೇಲೆ ರೆಂಬೆಗಳ ಸುತ್ತ 15–20 ಸೆಂ.ಮೀ. ಎತ್ತರಕ್ಕೆ ತೇವದ ಮಣ್ಣು ಏರಿಸಬೇಕು. ಹೊಸ ಬೇರು ನೀರೆಳೆಯುವ ಮೊದಲೇ ರೆಂಬೆ ಒಣಗುವುದನ್ನು ಇದು ತಡೆಯುತ್ತದೆ. ಚಿಗುರು ಒಂದೆರಡು ಸೆಂ.ಮೀ. ಬಂದಾಗ ಆ ಮಣ್ಣನ್ನು ಮೋಡ ಕವಿದ ದಿನ ನೋಡಿ, ಕೈಯಿಂದ ಅಥವಾ ನೀರು ಹಾಯಿಸಿ ನಿಧಾನವಾಗಿ ಸರಿಸಿ. ಸಲಿಕೆ ಹಾಕಿದರೆ ಎಳೆ ಚಿಗುರು ಮುರಿಯುತ್ತದೆ.

– ಗುಲಾಬಿ ಬೆಳೆಯುವ ಓದುಗರು